ಒಂದೇ ಕೋಣೆಯ ಮನೆಗಳ ಮಾತು

ಜಾನಪದ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಳ್ಳಿ. ಐರ್ಲೆಂಡಿನಲ್ಲೂ ಹಾಗೆಯೇ ಆಯಿತು. 1935ರಲ್ಲಿ ಅಲ್ಲಿನ ಸರ್ಕಾರ ಜಾನಪದ ಆಯೋಗ ರಚಿಸಿತು. ಅದರ ಸಂಗ್ರಾಹಕರು ಎಡಿಫೋನ್ ಎಂಬ ಯಂತ್ರ ಹೊತ್ತು ಊರೂರು ಸುತ್ತಿ ರೈತರ, ಮೀನುಗಾರರ ಕತೆಗಳನ್ನು ಮುದ್ರಿಸಿಕೊಂಡರು. 1937ರಿಂದ 1939ರವರೆಗೆ ಶಾಲಾ ಮಕ್ಕಳೂ ಹಿರಿಯರಿಂದ ಕೇಳಿದ್ದನ್ನು ಬರೆದು ಕೊಟ್ಟರು. ಆದರೆ ದೊಡ್ಡ ನಗರಗಳ ಶಾಲೆಗಳು ಬಹುತೇಕ ಈ ಯೋಜನೆಯ ಹೊರಗೇ ಉಳಿದವು. ದೇಶದ ನಿಜವಾದ ಆತ್ಮ ಹಳ್ಳಿಯಲ್ಲಿದೆ ಎಂಬ ನಂಬಿಕೆಯಲ್ಲಿ ನಗರದ ಕೂಲಿಕಾರರಿಗೆ ಜಾಗವಿರಲಿಲ್ಲ.

ಹಾಗೆಂದು ಅವರ ಸಂಖ್ಯೆ ಸಣ್ಣದಾಗಿರಲಿಲ್ಲ. 1801ರಲ್ಲಿ ಐರ್ಲೆಂಡ್ ಬ್ರಿಟನ್ನಿನೊಂದಿಗೆ ವಿಲೀನವಾಗಿ ಡಬ್ಲಿನ್ನಿನ ಸಂಸತ್ತು ಮುಚ್ಚಿದ ಮೇಲೆ ಶ್ರೀಮಂತರು ಒಬ್ಬೊಬ್ಬರಾಗಿ ನಗರ ಬಿಟ್ಟರು. ಅವರ ಮಹಲುಗಳನ್ನು ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಡಲಾಯಿತು. 1913ರ ಸೆಪ್ಟೆಂಬರಿನಲ್ಲಿ ಚರ್ಚ್ ಸ್ಟ್ರೀಟಿನಲ್ಲಿ ಇಂಥ ಎರಡು ಮನೆಗಳು ಕುಸಿದು ಏಳು ಜನ ಸತ್ತರು. ಆಮೇಲೆ ನಡೆದ ಸರ್ಕಾರಿ ವಿಚಾರಣೆಯ ಪ್ರಕಾರ, ನಗರದ 20,108 ಕುಟುಂಬಗಳು ಒಂದೊಂದೇ ಕೋಣೆಯಲ್ಲಿ ಬದುಕುತ್ತಿದ್ದವು.

ಈ ಜನರ ಮಾತಿಗೆ ಕಿವಿಗೊಡುವ ಕೆಲಸ ತಡವಾಗಿ ಶುರುವಾಯಿತು. 1979–80ರಲ್ಲಿ ಯೂನಿವರ್ಸಿಟಿ ಕಾಲೇಜ್ ಡಬ್ಲಿನ್ನಿನ ಜಾನಪದ ವಿಭಾಗ ನಗರ ಜಾನಪದ ಯೋಜನೆ ಕೈಗೊಂಡಿತು. ಅಮೆರಿಕದ ಭೂಗೋಳ ವಿದ್ವಾಂಸ ಕೆವಿನ್ ಕರ್ನ್ಸ್ ಈ ಕೋಣೆಗಳಲ್ಲಿ ಬಾಳಿದ ವೃದ್ಧರನ್ನು ಮಾತನಾಡಿಸಿ 1994ರಲ್ಲಿ ‘ಡಬ್ಲಿನ್ ಟೆನೆಮೆಂಟ್ ಲೈಫ್’ ಪ್ರಕಟಿಸಿದರು.

ವರದಿಯ ಅಂಕಿಗಳಲ್ಲಿ ಕಾಣದ್ದು ಇಂಥ ನೆನಪುಗಳಲ್ಲಿ ಸಿಗುತ್ತದೆ. ಸೋಮವಾರ ಗಂಡನ ಭಾನುವಾರದ ಸೂಟನ್ನು ಗಿರವಿ ಇಟ್ಟು, ಶನಿವಾರ ಬಿಡಿಸಿಕೊಂಡು ವಾರ ದೂಡುತ್ತಿದ್ದ ತಾಯಂದಿರು. ಹೆರಿಗೆ ಮಾಡಿಸುವುದಕ್ಕೂ ಹೆಣ ತೊಳೆದು ಮಲಗಿಸುವುದಕ್ಕೂ ಕರೆ ಬರುತ್ತಿದ್ದ ಬೀದಿಯ ಹೆಂಗಸು. ಬೆಳಗ್ಗೆ ಹಡಗುಕಟ್ಟೆಯಲ್ಲಿ ಮೇಸ್ತ್ರಿ ಹೆಸರು ಕೂಗುವುದನ್ನೇ ಕಾಯುತ್ತಾ ನಿಂತ ಹಮಾಲರು. ಹೆಸರು ಬಾರದಿದ್ದರೆ ಅಂದು ಕೂಲಿಯಿಲ್ಲ.

ಇಂಥ ನೆನಪುಗಳಲ್ಲಿ ಮತ್ತೆ ಮತ್ತೆ ಕೇಳುವ ಮಾತೊಂದಿದೆ: ಬಡವರಾಗಿದ್ದೆವು, ಆದರೆ ಸುಖವಾಗಿದ್ದೆವು. ಇದನ್ನು ಸುಳ್ಳೆಂದು ತಳ್ಳಿಹಾಕುವ ಅಧಿಕಾರ ಸಂಶೋಧಕನಿಗಿಲ್ಲ. ಬಾಗಿಲು ಮುಚ್ಚದೆ ಬದುಕಿದವರಿಗೆ ನೆರೆಹೊರೆ ನಿಜಕ್ಕೂ ಆಸರೆಯಾಗಿತ್ತು. ಮುಂದೆ ಹೊರವಲಯದ ಹೊಸ ಬಡಾವಣೆಗಳಿಗೆ ಚದುರಿಹೋದ ಮೇಲೆ ಆ ಆಸರೆಯ ಬೆಲೆ ಇನ್ನಷ್ಟು ಹೆಚ್ಚಿ ಕಂಡಿದ್ದೂ ಸಹಜ. ಆದರೆ ಟೇಪಿನ ಮುಂದೆ ಕೂತು ಮಾತಾಡಿದವರು ಬದುಕಿ ಉಳಿದವರು ಮಾತ್ರ ಎಂಬುದನ್ನು ಮರೆಯಬಾರದು.

ಉಳಿಯದವರ ಸುಳಿವು ಕಾಗದದಲ್ಲಿದೆ. 1911ರ ಜನಗಣತಿ ಪ್ರತಿ ವಿವಾಹಿತೆಯ ಬಗ್ಗೆ ಎರಡು ಪ್ರಶ್ನೆ ಕೇಳಿತ್ತು: ಜೀವಂತವಾಗಿ ಹುಟ್ಟಿದ ಮಕ್ಕಳೆಷ್ಟು, ಈಗ ಬದುಕಿರುವವರೆಷ್ಟು? ಈ ಎರಡು ಅಂಕಣಗಳ ನಡುವಿನ ಅಂತರವೇ ಆ ಕೋಣೆಗಳ ಇನ್ನೊಂದು ಚರಿತ್ರೆ. ಆ ಮಕ್ಕಳ ಸಂಖ್ಯೆ ಜನಗಣತಿಗೆ ಗೊತ್ತು, ಹೆಸರು ಗೊತ್ತಿಲ್ಲ. ಒಬ್ಬ ಅಕ್ಕನೋ ತಮ್ಮನೋ ಮುದಿವಯಸ್ಸಿನಲ್ಲಿ ನೆನೆದು ಹೇಳಿದರೆ ಆ ಹೆಸರು ಮಾತಿನಲ್ಲೂ ಉಳಿಯುತ್ತದೆ. ಆದ್ದರಿಂದ ಮೌಖಿಕ ಇತಿಹಾಸಕಾರ ಗಣತಿಯ ಆ ಹಾಳೆಯನ್ನು ಓದಿಕೊಂಡೇ ಹೋಗಬೇಕು, ಸುಖದ ಕತೆಯನ್ನು ಪೂರ್ತಿ ಕೇಳಬೇಕು, ಆಮೇಲೆ ಹುಟ್ಟಿ ಉಳಿಯದವರ ಬಗ್ಗೆ ಮೆಲ್ಲಗೆ ಕೇಳಬೇಕು.