ಪರ್ಯಾಪ್ತ ಮನುಷ್ಯರಾಶಿ : ಅಂಕಶುದ್ಧಿ ಮತ್ತು ಮತಭೇದ

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಪ್ರಮಾಣವನ್ನು 29 ಅಂಕಸ್ಥಾನಗಳ ಒಂದು ರಾಶಿಯಾಗಿ ನಿರೂಪಿಸಿದ್ದಾರೆ. ಆ ರಾಶಿಯು 79228162514264337593543950336. ಇದರ ಗಣಿತಸ್ವರೂಪವನ್ನು ತಿಳಿಯದೆ ಇದರ ಪಾಠವನ್ನು ನಿರ್ಣಯಿಸುವುದು ಕಷ್ಟ.

ಎರಡನ್ನು ವರ್ಗಿಸುತ್ತ ಹೋದರೆ ಕ್ರಮವಾಗಿ 4, 16, 256, 65536, 4294967296, 18446744073709551616 ಎಂಬ ಸ್ಥಾನಗಳು ದೊರೆಯುತ್ತವೆ. ಇವುಗಳಲ್ಲಿ ಕೊನೆಯ ಮೂರಕ್ಕೆ ಪಣ್ಣಟ್ಠಿ, ಬಾದಾಲ, ಏಕಟ್ಠಿ ಎಂಬ ಸಂಜ್ಞೆಗಳಿವೆ. ಬಾದಾಲದ ಅರ್ಧಚ್ಛೇದಗಳು 32, ಏಕಟ್ಠಿಯವು 64. ಇವೆರಡರ ಗುಣಲಬ್ಧವೇ ಪ್ರಕೃತ ರಾಶಿಯಾದುದರಿಂದ ಇದರ ಅರ್ಧಚ್ಛೇದಗಳು 96. ಎಂದರೆ 96 ಸಲ ಅರ್ಧಿಸಿದಾಗ ಒಂದು ಉಳಿಯುತ್ತದೆ.

ತ್ರಿಲೋಕಸಾರದಲ್ಲಿ ಹೇಳಿರುವ ಹದಿನಾಲ್ಕು ಧಾರೆಗಳ ದೃಷ್ಟಿಯಿಂದ ನೋಡಿದರೆ ಇದು ಸಮಧಾರೆಗೆ ಸೇರುತ್ತದೆ. 281474976710656ರ ವರ್ಗವಾದುದರಿಂದ ಕೃತಿಧಾರೆಗೂ, ಬಾದಾಲದ ಘನವಾದುದರಿಂದ ಘನಧಾರೆಗೂ ಸೇರುತ್ತದೆ. 8, 64, 4096 ಎಂದು ಸಾಗುವ ದ್ವಿರೂಪಘನಧಾರೆಯಲ್ಲಿ ಇದು ಆರನೆಯ ಸ್ಥಾನ. ದ್ವಿರೂಪವರ್ಗಧಾರೆಯಲ್ಲಿ ಮಾತ್ರ ಇದಕ್ಕೆ ಸ್ಥಾನವಿಲ್ಲ. ಏಕೆಂದರೆ ಆ ಧಾರೆಯ ಆರನೆಯ ವರ್ಗದ ಅರ್ಧಚ್ಛೇದಗಳು 64, ಏಳನೆಯದರವು 128.

ಗೊಮ್ಮಟಸಾರದ ಗಾಥೆಯು ಈ ಅಂಕಗಳನ್ನು ಕಟಪಯಾದಿ ಕ್ರಮದಲ್ಲಿ ಅಕ್ಷರಗಳಿಂದ, ಏಕಸ್ಥಾನದಿಂದ ಮೊದಲುಮಾಡಿ ಸೂಚಿಸುತ್ತದೆ. ಅಲ್ಲಿ ದಶಸ್ಥಾನ ಮತ್ತು ಶತಸ್ಥಾನಗಳ ಎರಡು ಮೂರುಗಳನ್ನು ಲಕಾರದ ದ್ವಿತ್ವವು ಹೇಳುತ್ತದೆ. ಲಿಪಿಕಾರನು ದ್ವಿತ್ವವನ್ನು ಬಿಟ್ಟರೆ ಒಂದು ಅಂಕ ಲೋಪವಾಗಿ 28 ಸ್ಥಾನಗಳು ಮಾತ್ರ ಉಳಿಯುತ್ತವೆ. ಹಾಗೆ ಉಳಿದ ಸಂಖ್ಯೆಯನ್ನು ಎರಡು ಸಲ ಅರ್ಧಿಸಿದೊಡನೆ ವಿಷಮಸಂಖ್ಯೆ ಬರುತ್ತದೆ. ಆದುದರಿಂದ 96 ಅರ್ಧಚ್ಛೇದಗಳ ನಿಯಮವು ಪಾಠಪರೀಕ್ಷೆಗೆ ಭದ್ರವಾದ ಒರೆಗಲ್ಲು.

ಆದರೆ ಅಂಕಗಳು ಶುದ್ಧವಾದ ಮಾತ್ರಕ್ಕೆ ಪ್ರಮಾಣದ ವಿಷಯದಲ್ಲಿ ವಿವಾದ ತೀರುವುದಿಲ್ಲ. ಷಟ್ಖಂಡಾಗಮದ ಸೂತ್ರವು ಈ ಮನುಷ್ಯರ ಪ್ರಮಾಣಕ್ಕೆ ಎರಡು ಮಿತಿಗಳನ್ನು ಹೇಳುತ್ತದೆ : ಆರನೆಯ ವರ್ಗಕ್ಕೆ ಮೇಲೆ, ಏಳನೆಯದಕ್ಕೆ ಕೆಳಗೆ, ಕೋಟಿಯ ಘನಕ್ಕೆ ಮೇಲೆ, ಕೋಟಿಯ ನಾಲ್ಕನೆಯ ಘಾತಕ್ಕೆ ಕೆಳಗೆ. ಪ್ರಕೃತ ರಾಶಿಯು ಮೊದಲನೆಯ ಮಿತಿಗೆ ಒಳಪಡುತ್ತದೆ, ಎರಡನೆಯದನ್ನು ಮೀರುತ್ತದೆ. ಕೋಟಿಯ ನಾಲ್ಕನೆಯ ಘಾತವೆಂದರೆ ಒಂದರ ಮುಂದೆ 28 ಸೊನ್ನೆಗಳು. ಅದಕ್ಕೂ 29 ಸ್ಥಾನಗಳೇ ಇದ್ದರೂ ಈ ರಾಶಿಯು ಅದರ ಏಳು ಮಡಿಗಿಂತ ಅಧಿಕ.

ಕ್ರಿ. ಶ. 816ರಲ್ಲಿ ಪೂರ್ಣಗೊಂಡ ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು ಈ ಅಂತರವನ್ನು ಗಮನಿಸಿದ್ದಾರೆ. 45 ಲಕ್ಷ ಯೋಜನ ವಿಷ್ಕಂಭವುಳ್ಳ ಮನುಷ್ಯಕ್ಷೇತ್ರದ ಕ್ಷೇತ್ರಫಲವನ್ನು ಗಣಿಸಿ, ಅಷ್ಟು ಮನುಷ್ಯರಿಗೆ ಅಲ್ಲಿ ಅವಕಾಶವಿಲ್ಲವೆಂದು ತೋರಿಸಿ, ಆ ಮತವನ್ನು ನಿರಾಕರಿಸಿದ್ದಾರೆ. ಮುಂದೆ ಹತ್ತನೆಯ ಶತಮಾನದಲ್ಲಿ ನೇಮಿಚಂದ್ರರು ಸ್ವೀಕರಿಸಿದುದು ಅದೇ 29 ಅಂಕಗಳ ರಾಶಿಯನ್ನು.

ಧವಲೆಯನ್ನು ನೋಡಿ ಗೊಮ್ಮಟಸಾರದ ಅಂಕಗಳನ್ನು ತಿದ್ದುವುದಾಗಲಿ, ಗೊಮ್ಮಟಸಾರವನ್ನು ನೋಡಿ ಧವಲೆಯ ನಿರಾಕರಣವನ್ನು ಮರೆಮಾಡುವುದಾಗಲಿ ಸಂಪಾದಕನಿಗೆ ಸಲ್ಲದು. ಅರ್ಧಚ್ಛೇದಗಣಿತವು ನಿರ್ಣಯಿಸುವುದು ಪಾಠವನ್ನು. ಆಚಾರ್ಯರ ಮತಭೇದವನ್ನು ಇದ್ದಂತೆಯೇ ಉಳಿಸಿ, ಎರಡು ಪರಂಪರೆಗಳನ್ನೂ ಓದುಗರ ಮುಂದಿಡುವುದು ಸಂಪಾದನೆಯ ಧರ್ಮ.