ಕ್ಯಾಲೆಂಡರಿನ ವೀರರು: ಎಸ್. ಎಂ. ಪಂಡಿತರ ಚಿತ್ರಶೈಲಿಯನ್ನು ಕುರಿತು

ಹುಬ್ಬಳ್ಳಿ-ಧಾರವಾಡದ ಅಂಗಡಿಗಳ ಗೋಡೆಯ ಮೇಲೆ ತೂಗುವ ಕ್ಯಾಲೆಂಡರುಗಳಲ್ಲಿ ಉಬ್ಬಿದ ತೋಳಿನ ಭೀಮನನ್ನೂ, ಕತ್ತು ಹೊರಳಿಸಿ ನೋಡುಗನತ್ತ ದೃಷ್ಟಿ ಬೀರುವ ಮೇನಕೆಯನ್ನೂ ನಾವೆಲ್ಲರೂ ಕಂಡಿದ್ದೇವೆ. ಈ ರೂಪಗಳು ಪುರಾಣಗಳಷ್ಟೇ ಪ್ರಾಚೀನವೆಂಬ ಭಾವನೆ ಜನರಲ್ಲಿದೆ. ನಮ್ಮ ವಿದ್ಯಾರ್ಥಿಗಳಲ್ಲಿಯೂ ಉಂಟು. ಆದರೆ ಈ ಮೈಕಟ್ಟಿಗೂ ಈ ನಿಲುವಿಗೂ ಒಂದು ಕಾಲವಿದೆ, ಅದು ಬಹು ಹಿಂದಿನದಲ್ಲ.

ಊರ ಅಗಸೆಯಲ್ಲಿ ನಿಂತ ಮಾರುತಿಯ ಶಿಲಾಫಲಕವನ್ನು ನೋಡಬೇಕು. ಒಂದು ಕೈಯನ್ನು ಮೇಲೆತ್ತಿ, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಬಾಲವನ್ನು ತಲೆಯ ಮೇಲೆ ಬಾಗಿಸಿ ನಿಂತ ಆ ಮೂರ್ತಿಯಲ್ಲಿ ಬಲವಿದೆ, ಸ್ನಾಯುಗಳಿಲ್ಲ. ಶಿಲ್ಪಿಯು ದೇಹವನ್ನು ಉಸಿರು ತುಂಬಿದ ಕುಂಭದಂತೆ ಕಡೆದನೇ ಹೊರತು ಮಾಂಸಖಂಡಗಳನ್ನು ಎಣಿಸಲಿಲ್ಲ.

1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮರ ಮುದ್ರಣಾಲಯವು ದೇವತೆಗಳನ್ನು ಮನೆಮನೆಯ ಗೋಡೆಗೆ ತಂದಿತು. ಆ ದೇವತೆಗಳಿಗೆ ಚಲನಚಿತ್ರದ ಬೆಳಕನ್ನು ಕೊಟ್ಟವರಲ್ಲಿ ಪ್ರಮುಖರು ಕಲಬುರ್ಗಿಯ ಎಸ್. ಎಂ. ಪಂಡಿತರು (1916-1993). ಅವರು ಮುಂಬಯಿಗೆ ಹೋಗಿ ಜಿ. ಎಸ್. ದಂಡಾವತಿಮಠರ ನೂತನ ಕಲಾಮಂದಿರದಲ್ಲಿಯೂ ಬಳಿಕ ಜೆ. ಜೆ. ಕಲಾಶಾಲೆಯಲ್ಲಿಯೂ ಅಭ್ಯಾಸ ಮಾಡಿದರು. 1938ರಲ್ಲಿ ಮುಂಬಯಿಯಲ್ಲಿ ಮೆಟ್ರೋ ಚಿತ್ರಮಂದಿರ ತೆರೆಯಿತು. ಅಲ್ಲಿ ಪ್ರದರ್ಶಿತವಾಗುತ್ತಿದ್ದ ಅಮೇರಿಕದ ಚಿತ್ರಗಳಿಗೆ ಪಂಡಿತರು ಪ್ರಚಾರಫಲಕಗಳನ್ನು ಬರೆದರು. ಅದೇ ವರ್ಷ ಅಮೇರಿಕದಲ್ಲಿ ಸೂಪರ್‌ಮ್ಯಾನ್ ಮೊದಲ ಬಾರಿ ಅಚ್ಚಾದನು. ಇವೆರಡಕ್ಕೂ ನೇರ ಸಂಬಂಧವನ್ನು ನಾವು ಕಲ್ಪಿಸುವುದಿಲ್ಲ. ದಾರಿಹೋಕನ ಕಣ್ಣನ್ನು ಒಂದೇ ಕ್ಷಣದಲ್ಲಿ ಹಿಡಿಯಬೇಕೆಂಬ ಅವಶ್ಯಕತೆ ಮಾತ್ರ ಇಬ್ಬರಿಗೂ ಸಮಾನ. ಕೆಳಗಿನಿಂದ ನೋಡಿದಂತೆ ವೀರನನ್ನು ಎತ್ತರಿಸುವುದು, ಹಿಂದೆ ಕತ್ತಲೆಯಿಟ್ಟು ಮೈಯಂಚಿಗೆ ಬೆಳಕು ಹಚ್ಚುವುದು, ಬಟ್ಟೆ ಗಾಳಿಗೆ ಹಾರುವುದು ಇವೆಲ್ಲ ಪ್ರಚಾರಫಲಕದ ಉಪಾಯಗಳು. ಪಂಡಿತರು ಇವನ್ನು ಪುರಾಣದ ವೀರರಿಗೂ ಅಪ್ಸರೆಯರಿಗೂ ಅಳವಡಿಸಿದರು. ಕ್ಯಾಲೆಂಡರು ಅವನ್ನು ನಾಡೆಲ್ಲ ಹರಡಿತು.

ಧಾರವಾಡಕ್ಕೆ ಈ ಮಾರ್ಗ ಅಪರಿಚಿತವಾಗಿರಲಿಲ್ಲ. 1956ರವರೆಗೆ ಈ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. 1935ರಲ್ಲಿ ಡಿ. ವಿ. ಹಾಲಭಾವಿಯವರು ಇಲ್ಲಿ ಕಲಾಶಾಲೆಯನ್ನು ಸ್ಥಾಪಿಸಿದಾಗ ಚಿತ್ರಕಲೆಯ ವಿದ್ಯಾರ್ಥಿಯ ಕಣ್ಣು ಮೈಸೂರಿಗಿಂತ ಮುಂಬಯಿಯ ಕಡೆಗೇ ಇತ್ತು.

ಯುದ್ಧಕಾಲದಲ್ಲಿ ಅಮೇರಿಕದ ಸೈನಿಕರು ಗೋಡೆಗೆ ಚುಚ್ಚಿಕೊಳ್ಳುತ್ತಿದ್ದ ಚೆಲುವೆಯರ ಚಿತ್ರಗಳಿಗೆ ಪಿನ್-ಅಪ್ ಎಂದು ಹೆಸರು. ಇದರ ಮೂಲವನ್ನು ಬೇಲೂರಿನ ಮದನಿಕೆಯರಲ್ಲಿ ಕಾಣುವ ಉತ್ಸಾಹಿಗಳಿದ್ದಾರೆ. ನಮಗೆ ಇದು ಒಪ್ಪಿಗೆಯಿಲ್ಲ. ಮದನಿಕೆ ಕಂಬಕ್ಕೂ ಚಾವಣಿಗೂ ನಡುವೆ ಓರೆಯಾಗಿ ನಿಂತವಳು, ಗುಡಿಯ ಒಂದು ಅಂಗ. ಪಿನ್-ಅಪ್ ಚೆಲುವೆಯಾದರೋ ಒಬ್ಬನೇ ನೋಡುಗನಿಗಾಗಿ ಅಚ್ಚಾದ ಕಾಗದ. ಬಾಗಿದ ನಡುವೊಂದರಿಂದಲೇ ವಂಶಾವಳಿ ಸಿದ್ಧವಾಗುವುದಿಲ್ಲ.

ಕಾರ್ಕಳದಲ್ಲಿ ಜನಿಸಿದ ಅನಂತ ಪೈ 1967ರಲ್ಲಿ ಆರಂಭಿಸಿದ ಅಮರ ಚಿತ್ರಕಥೆಯು ಕ್ಯಾಲೆಂಡರಿನ ದೇಹಗಳನ್ನು ಚೌಕಟ್ಟುಗಳ ಸಾಲಿನಲ್ಲಿಟ್ಟು ಕಥೆ ಹೇಳಿಸಿತು. 2015ರಲ್ಲಿ ಕಾಸರಗೋಡಿನ ಕುಂಬಳೆಯ ಕರಣ್ ಆಚಾರ್ಯರು ಊರಿನ ಯುವಕರ ಧ್ವಜಕ್ಕಾಗಿ ರಚಿಸಿದ ಹುಬ್ಬುಗಂಟಿಕ್ಕಿದ ಹನುಮಂತನ ಮುಖ ಈಗ ವಾಹನಗಳ ಹಿಂದಿನ ಗಾಜಿನ ಮೇಲಿದೆ. ಅದನ್ನು ಬರೆಸಿದ ವ್ಯಾಪಾರಿಯಿಲ್ಲ, ಗೆಳೆಯರ ಅಭಿಮಾನವೇ ಕಾರಣ. ಇಂದು ತಮ್ಮ ಪ್ರೀತಿಯ ಸೂಪರ್‌ಹೀರೋಗಳನ್ನೂ ವೀರನಾರಿಯರನ್ನೂ ಹಳೆಯ ಕಾಮಿಕ್ಸಿನ ರೀತಿಯಲ್ಲಿ ಬರೆಯುವ ತರುಣರು ಆ ಕಾಲದ ಬಣ್ಣದ ಚುಕ್ಕಿಗಳನ್ನೂ ಬೇಕೆಂದೇ ಇಡುತ್ತಾರೆ. ಅಗ್ಗದ ಮುದ್ರಣದ ಮಿತಿ ಹೀಗೆ ಅಲಂಕಾರವಾಗಿದೆ. ಇವರದು ಪರದೇಶದ ಅನುಕರಣವೆಂದು ತಳ್ಳಿಹಾಕುವವರು ಪಂಡಿತರ ಪ್ರಚಾರಫಲಕಗಳನ್ನು ಒಮ್ಮೆ ನೋಡಿದರೆ ಒಳ್ಳೆಯದು.

ಆದರೆ ಎಲ್ಲಿ ನೋಡುವುದು? ಕ್ಯಾಲೆಂಡರು ತನ್ನ ಕಾಲವನ್ನು ತಾನೇ ಹೇಳುವ ಅಪೂರ್ವ ಆಕರ. ವರ್ಷ, ಅಂಗಡಿಯ ಹೆಸರು, ಊರು, ಹಲವು ವೇಳೆ ಮುದ್ರಣಾಲಯ ಸಹ ಅದರಲ್ಲಿರುತ್ತವೆ. ತಾಮ್ರಪಟವೂ ಇಷ್ಟನ್ನು ಯಾವಾಗಲೂ ಕೊಡದು. ಹೊಸ ವರ್ಷ ಬಂದೊಡನೆ ಅದು ಪುಸ್ತಕದ ಹೊದಿಕೆಯಾಗುತ್ತದೆ ಇಲ್ಲವೆ ಒಲೆ ಸೇರುತ್ತದೆ. ಚಿತ್ರವನ್ನು ಮೆಚ್ಚಿ ಕಟ್ಟು ಹಾಕಿಸಿದವರು ಕೂಡ ಮೊದಲು ಕತ್ತರಿಸುವುದು ತಾರೀಖು ಮತ್ತು ಅಂಗಡಿಯ ಹೆಸರಿರುವ ಕೆಳಗಿನ ಭಾಗವನ್ನೇ.