ದಶಮಾಂಶ: ಕ್ರೈಸ್ತ ಪರಂಪರೆಯಲ್ಲಿ ಹತ್ತನೆಯ ಪಾಲು ಮತ್ತು ದಾನಧರ್ಮ

ದಶಮಾಂಶವೆಂದರೆ ಹತ್ತರಲ್ಲಿ ಒಂದು ಪಾಲು. ಬೆಳೆ, ಜಾನುವಾರು ಅಥವಾ ವರಮಾನದ ಹತ್ತನೆಯ ಒಂದು ಭಾಗವನ್ನು ದೇವರ ಹೆಸರಿನಲ್ಲಿ ಬೇರೆ ತೆಗೆದಿಡುವ ಪದ್ಧತಿಗೆ ಕನ್ನಡ ಬೈಬಲಿನಲ್ಲಿ ಈ ಪದ ಬಳಕೆಯಾಗಿದೆ. ಪ್ರಮಾಣದ ಕಟ್ಟಿಲ್ಲದೆ ಮನಸ್ಸಿನಂತೆ ಕೊಡುವುದು ಕಾಣಿಕೆ. ಕೊಡುವುದು ಕರ್ತವ್ಯವೆಂಬ ವಿಷಯದಲ್ಲಿ ಕ್ರೈಸ್ತ ಪಂಗಡಗಳೆಲ್ಲವೂ ಒಮ್ಮತ ಹೊಂದಿವೆ. ಹತ್ತನೆಯ ಪಾಲು ಕಡ್ಡಾಯವೇ ಎಂಬ ವಿಷಯದಲ್ಲಿ ಮಾತ್ರ ಎರಡು ಸಾವಿರ ವರ್ಷಗಳಿಂದ ಭಿನ್ನಮತವಿದೆ. ಈ ಚರ್ಚೆ ಕೇವಲ ಅಂಕಿಯದಲ್ಲ. ಕೊಟ್ಟದ್ದು ಯಾರಿಗೆ ತಲುಪಬೇಕು, ಯಾರ ಹೊರೆಯ ಮೇಲೆ ಕೊಡಬಾರದು ಎಂಬುದೇ ಅದರ ತಿರುಳು.

ಹಳೆಯ ಒಡಂಬಡಿಕೆಯಲ್ಲಿ

ಬೈಬಲಿನಲ್ಲಿ ದಶಮಾಂಶದ ಮೊದಲ ಉಲ್ಲೇಖವಿರುವುದು ಆದಿಕಾಂಡದ 14ನೆಯ ಅಧ್ಯಾಯದಲ್ಲಿ. ಯುದ್ಧದಿಂದ ಮರಳುತ್ತಿದ್ದ ಅಬ್ರಹಾಮನು ಯಾಜಕನೂ ಅರಸನೂ ಆಗಿದ್ದ ಮೆಲ್ಕಿಜೆದೇಕನಿಗೆ ಹತ್ತನೆಯ ಪಾಲನ್ನು ಒಪ್ಪಿಸಿದನು. ಆಗ ಅದಕ್ಕೆ ಯಾವ ಕಟ್ಟಳೆಯೂ ಇರಲಿಲ್ಲ. ಮುಂದೆ ಮೋಶೆಯ ಧರ್ಮಶಾಸ್ತ್ರದಲ್ಲಿ ಅದು ನಿಯಮವಾಯಿತು. ಹೊಲದ ಧಾನ್ಯ, ಮರದ ಹಣ್ಣು, ದನಕುರಿಗಳ ಹತ್ತನೆಯ ಭಾಗ ದೇವರಿಗೆ ಸೇರಿದ್ದೆಂದು ಯಾಜಕಕಾಂಡ ಹೇಳುತ್ತದೆ. ಅರಣ್ಯಕಾಂಡದ ಪ್ರಕಾರ ಆ ಪಾಲು ಲೇವಿಯರ ಜೀವನಾಧಾರ. ಇಸ್ರಾಯೇಲಿನ ಕುಲಗಳಲ್ಲಿ ಭೂಮಿಯ ಪಾಲು ಪಡೆಯದೆ ದೇವಾಲಯದ ಸೇವೆಗೆ ನಿಂತವರು ಅವರು. ತಮಗೆ ಬಂದುದರಲ್ಲಿ ಹತ್ತನೆಯ ಒಂದು ಪಾಲನ್ನು ಅವರೂ ಮತ್ತೆ ಕೊಡಬೇಕಾಗಿತ್ತು.

ಧರ್ಮೋಪದೇಶಕಾಂಡದ 14ನೆಯ ಅಧ್ಯಾಯ ಇನ್ನೊಂದು ಅಂಶವನ್ನು ಸೇರಿಸುತ್ತದೆ. ಪ್ರತಿ ಮೂರನೆಯ ವರ್ಷದ ದಶಮಾಂಶವನ್ನು ಊರಿನಲ್ಲಿಯೇ ಕೂಡಿಡಬೇಕು. ಲೇವಿಯರೊಂದಿಗೆ ಪರದೇಶಿಗಳು, ತಂದೆಯಿಲ್ಲದ ಮಕ್ಕಳು ಮತ್ತು ವಿಧವೆಯರು ಅದರಿಂದ ಉಂಡು ತೃಪ್ತರಾಗಬೇಕು. ಹೀಗೆ ಆರಂಭದಿಂದಲೇ ದಶಮಾಂಶಕ್ಕೆ ಎರಡು ಮುಖಗಳಿದ್ದವು: ಒಂದು ಆರಾಧನೆಯ ನಿರ್ವಹಣೆ, ಇನ್ನೊಂದು ನೆಲೆಯಿಲ್ಲದವರ ಪೋಷಣೆ.

ಹೊಸ ಒಡಂಬಡಿಕೆಯಲ್ಲಿ

ಸುವಾರ್ತೆಗಳಲ್ಲಿ ಯೇಸು ದಶಮಾಂಶವನ್ನು ನೇರವಾಗಿ ನಿರಾಕರಿಸುವುದಿಲ್ಲ. ಆದರೆ ಪುದೀನ, ಸಬ್ಬಸಿಗೆ, ಜೀರಿಗೆಯಂತಹ ಸಣ್ಣ ಬೆಳೆಗಳಲ್ಲಿಯೂ ಹತ್ತನೆಯ ಪಾಲನ್ನು ಲೆಕ್ಕಹಾಕಿ ಕೊಡುತ್ತ ನ್ಯಾಯ, ಕರುಣೆ, ನಂಬಿಕೆಗಳನ್ನು ಮರೆತವರನ್ನು ಮತ್ತಾಯನ ಸುವಾರ್ತೆಯ 23ನೆಯ ಅಧ್ಯಾಯದಲ್ಲಿ ತೀಕ್ಷ್ಣವಾಗಿ ಖಂಡಿಸುತ್ತಾರೆ. ದೇವರಿಗೆ ಮುಡಿಪಾಗಿದೆ ಎಂದು ಹೇಳಿ ತಂದೆತಾಯಿಗಳಿಗೆ ಸಲ್ಲಬೇಕಾದ ಆಸರೆಯನ್ನು ತಪ್ಪಿಸುವುದನ್ನು ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ತಪ್ಪೆಂದು ತೋರಿಸುತ್ತಾರೆ.

ಬಡ ವಿಧವೆಯ ಎರಡು ಕಾಸುಗಳ ಪ್ರಸಂಗ ಎಲ್ಲರಿಗೂ ಪರಿಚಿತ. ಸಿರಿವಂತರು ಉಳಿತಾಯದಿಂದ ಕೊಟ್ಟರು, ಅವಳಾದರೋ ಬದುಕಿಗಿದ್ದುದನ್ನೇ ಕೊಟ್ಟಳು. ಸಾಮಾನ್ಯವಾಗಿ ಇದನ್ನು ತ್ಯಾಗದ ಮಾದರಿಯಾಗಿ ಬೋಧಿಸಲಾಗುತ್ತದೆ. ಆದರೆ ಮಾರ್ಕನ ಸುವಾರ್ತೆಯಲ್ಲಿ ಈ ಪ್ರಸಂಗಕ್ಕೆ ತೀರ ಮೊದಲು, ವಿಧವೆಯರ ಮನೆಗಳನ್ನು ನುಂಗುವ ಧರ್ಮಪಂಡಿತರ ಕುರಿತು ಎಚ್ಚರಿಕೆಯಿದೆ. ಆದ್ದರಿಂದ ಅವಳ ಕೊನೆಯ ಕಾಸನ್ನೂ ಸ್ವೀಕರಿಸಿದ ವ್ಯವಸ್ಥೆಯ ಬಗೆಗಿನ ನೋವು ಇಲ್ಲಿ ಅಡಗಿದೆ ಎಂದು ಕೆಲವು ವಿದ್ವಾಂಸರು ಓದುತ್ತಾರೆ. ಎರಡೂ ಓದುಗಳು ಇಂದಿಗೂ ಜೀವಂತವಾಗಿವೆ.

ಅಪೊಸ್ತಲ ಪೌಲನ ಪತ್ರಗಳಲ್ಲಿ ಶೇಕಡಾವಾರು ಪ್ರಮಾಣವೇ ಕಾಣುವುದಿಲ್ಲ. ಜೆರೂಸಲೇಮಿನ ಬಡವರಿಗಾಗಿ ನಿಧಿ ಕೂಡಿಸುವಾಗ, ವಾರದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕಂತೆ ತೆಗೆದಿಡಲಿ ಎಂದೂ ಒತ್ತಾಯದಿಂದಲ್ಲದೆ ಸಂತೋಷದಿಂದ ಕೊಡಲಿ ಎಂದೂ ಕೊರಿಂಥದ ಸಭೆಗೆ ಅವನು ಬರೆದನು.

ಸ್ವಇಚ್ಛೆಯಿಂದ ಕಾನೂನಿಗೆ

ಎರಡನೆಯ ಶತಮಾನದ ಜಸ್ಟಿನನ ಬರಹದಿಂದ ಅಂದಿನ ಪದ್ಧತಿ ತಿಳಿಯುತ್ತದೆ. ಅನುಕೂಲವಿದ್ದವರು ಮನಸ್ಸು ಬಂದಷ್ಟು ಕೊಡುತ್ತಿದ್ದರು. ಸಭೆಯ ಮುಖ್ಯಸ್ಥನು ಅದನ್ನು ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿದ್ದವರು ಮತ್ತು ಪರಸ್ಥಳದವರಿಗಾಗಿ ವಿನಿಯೋಗಿಸುತ್ತಿದ್ದನು.

ಯುರೋಪಿನಲ್ಲಿ ಸಭೆ ಮತ್ತು ಅರಸೊತ್ತಿಗೆ ಒಂದಾದಂತೆ ಈ ಸ್ವರೂಪ ಬದಲಾಯಿತು. 585ರಲ್ಲಿ ಫ್ರಾನ್ಸಿನ ಮಾಕೋನ್ ನಗರದ ಧರ್ಮಸಭೆ ದಶಮಾಂಶ ಕೊಡದವರಿಗೆ ಬಹಿಷ್ಕಾರ ವಿಧಿಸಿತು. 779ರಲ್ಲಿ ಷಾರ್ಲಮೇನ್ ದೊರೆ ಅದನ್ನು ರಾಜಾಜ್ಞೆಯ ಭಾಗವಾಗಿಸಿದನು. ಕಾಣಿಕೆಯಾಗಿದ್ದದ್ದು ಕಂದಾಯವಾಯಿತು, ರೈತನ ಕಣದಿಂದ ಪಾಲು ಎತ್ತುವ ಹಕ್ಕು ಕಾಲಕ್ರಮದಲ್ಲಿ ಹಲವೆಡೆ ಭೂಮಾಲೀಕರ ಕೈಸೇರಿತು. ಫ್ರಾನ್ಸಿನ ಕ್ರಾಂತಿಯಲ್ಲಿ, 1789ರ ಆಗಸ್ಟಿನಲ್ಲಿ, ದಶಮಾಂಶ ರದ್ದಾಯಿತು. ಐರ್ಲೆಂಡಿನಲ್ಲಿ ಬಹುಸಂಖ್ಯಾತ ಕ್ಯಾಥೋಲಿಕ್ ರೈತರು ತಮ್ಮದಲ್ಲದ ಆಂಗ್ಲಿಕನ್ ಸಭೆಗೆ ದಶಮಾಂಶ ತೆರಬೇಕಾಗಿದ್ದುದರಿಂದ 1830ರ ದಶಕದಲ್ಲಿ ಹಿಂಸಾತ್ಮಕ ಪ್ರತಿರೋಧ ನಡೆಯಿತು.

ಇಂದಿನ ನಿಲುವುಗಳು

ಕ್ಯಾಥೋಲಿಕ್ ಸಭೆಯ ಕಾನೂನು ಸಭೆಯ ಅಗತ್ಯಗಳಿಗೆ ನೆರವಾಗುವುದನ್ನು ವಿಶ್ವಾಸಿಗಳ ಕರ್ತವ್ಯವೆಂದು ಹೇಳುತ್ತದೆ, ಆದರೆ ಪ್ರಮಾಣವನ್ನು ಗೊತ್ತುಪಡಿಸುವುದಿಲ್ಲ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹಲವು ಹತ್ತನೆಯ ಪಾಲನ್ನು ಒಂದು ಮೇಲ್ಪಂಕ್ತಿಯಾಗಿ ಮಾತ್ರ ಕಾಣುತ್ತವೆ. ಅನೇಕ ಪೆಂತೆಕೋಸ್ತ್ ಸಭೆಗಳೂ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯೂ ದಶಮಾಂಶವನ್ನು ದೇವರ ವಿಧಿಯೆಂದೇ ಬೋಧಿಸುತ್ತವೆ. ಮಲಾಕಿಯನ ಪುಸ್ತಕದ 3ನೆಯ ಅಧ್ಯಾಯ ಇವರ ಮುಖ್ಯ ಆಧಾರ. ಕೊಟ್ಟಷ್ಟೂ ಐಶ್ವರ್ಯ ಹೆಚ್ಚುವುದೆಂಬ ಬೋಧನೆಯನ್ನು ಮಾತ್ರ ಇತರ ಪಂಗಡಗಳ ಅನೇಕ ಧರ್ಮಶಾಸ್ತ್ರಜ್ಞರು ವಿರೋಧಿಸುತ್ತಾರೆ. ಕಾಣಿಕೆ ಕೃತಜ್ಞತೆಯೇ ಹೊರತು ಬಡ್ಡಿಗೆ ಹೂಡಿದ ಬಂಡವಾಳವಲ್ಲ ಎಂಬುದು ಅವರ ವಾದ.

ಹಿಡಿ ಅಕ್ಕಿ, ಅರ್ಧ ಕಾಸು ಮತ್ತು ಶಾಲೆ

ಹತ್ತನೆಯ ಪಾಲು ಕೊಡಲಾಗದ ಬಡವರೂ ಭಾಗಿಗಳಾಗುವಂತಹ ಕ್ರಮಗಳು ಕ್ರೈಸ್ತ ಸಮಾಜದಲ್ಲಿ ಬೆಳೆದಿವೆ. ನಮ್ಮ ಗಡಿನಾಡಿನ ಶಿಕ್ಷಣ ಚರಿತ್ರೆಗೆ ಇವುಗಳ ನಂಟಿದೆ.

ಕೇರಳದ ಕುರಿಯಾಕೋಸ್ ಎಲಿಯಾಸ್ ಚಾವರ ಅವರು 1864ರಲ್ಲಿ ಪ್ರತಿ ಚರ್ಚಿನೊಂದಿಗೆ ಒಂದು ಶಾಲೆ ಇರಬೇಕೆಂದು ಆದೇಶಿಸಿದರು. ಬಡ ಮಕ್ಕಳು ಹಸಿವಿನಿಂದಾಗಿ ಶಾಲೆ ಬಿಡದಿರಲೆಂದು ಮಧ್ಯಾಹ್ನದ ಊಟಕ್ಕೆ ‘ಪಿಡಿಯರಿ’ ಪದ್ಧತಿಯನ್ನು ಪ್ರೋತ್ಸಾಹಿಸಿದರು. ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ತೆಗೆದಿಡುವುದೇ ಈ ಪದ್ಧತಿ. ಕನ್ನಡಿಗರು ಮುಷ್ಟಿ ಅಕ್ಕಿಯೆಂದು ಬಲ್ಲ ಕ್ರಮವೂ ಇದೇ. ಮಿಜೋರಾಮಿನ ಸಭೆಗಳಲ್ಲಿ ಹೆಂಗಸರು ಇಂತಹುದೇ ಹಿಡಿ ಅಕ್ಕಿಯ ಪದ್ಧತಿಯನ್ನು ಒಂದು ಶತಮಾನಕ್ಕೂ ಮೀರಿ ನಡೆಸಿಕೊಂಡು ಬಂದಿದ್ದಾರೆ.

ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿನಲ್ಲಿ ಕೆಲಸ ಆರಂಭಿಸಿತು. ಕಾಸರಗೋಡು ಸೀಮೆ ಆಗ ಅದೇ ಕೆನರಾ ಜಿಲ್ಲೆಯ ಭಾಗವಾಗಿತ್ತು. ಮಿಷನ್ನಿನ ಶಾಲೆಗಳು, ಮುದ್ರಣಾಲಯ, 1843ರ ‘ಮಂಗಳೂರ ಸಮಾಚಾರ’, 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟು ಕನ್ನಡಿಗರಿಗೆ ಚಿರಪರಿಚಿತ. ಅವುಗಳ ಹಿಂದಿನ ಹಣದ ಮೂಲ ಅಷ್ಟಾಗಿ ಪರಿಚಿತವಲ್ಲ. 1850ರ ದಶಕದಲ್ಲಿ ಬಾಸೆಲ್ ನಗರದ ವ್ಯಾಪಾರಿ ಕಾರ್ಲ್ ಸರಾಸಿನ್ ಒಂದು ಯೋಜನೆ ರೂಪಿಸಿದನು. ಅದರಂತೆ ಸದಸ್ಯರು ವಾರಕ್ಕೆ ಅರ್ಧ ಬಾಟ್ಸೆನ್ ಎಂಬ ಸಣ್ಣ ನಾಣ್ಯದಷ್ಟು ಕೊಡಬೇಕು, ಊರೂರಿನ ಸಂಗ್ರಾಹಕರು ಅದನ್ನು ಕೂಡಿಸಬೇಕು. ಕೂಲಿಕಾರರೂ ಮನೆಗೆಲಸದವರೂ ಕೊಡಬಹುದಾದ ಮೊತ್ತವದು. ಅದು ಮಿಷನ್ನಿನ ಆದಾಯದ ಗಟ್ಟಿ ಆಧಾರಗಳಲ್ಲಿ ಒಂದಾಯಿತು.

ನೀಲಗಿರಿಯಲ್ಲಿ ನಡೆದದ್ದು ದೊಡ್ಡ ದಾನ. ಮದ್ರಾಸಿನ ಸರ್ಕಾರಿ ಸೇವೆಯಿಂದ ನಿವೃತ್ತನಾಗಿ ಕೇತಿಯಲ್ಲಿ ನೆಲೆಸಿದ್ದ ಕ್ಯಾಸಮೇಜರ್ ಎಂಬಾತನು ಬಡಗರ ನಡುವೆ ಕೆಲಸ ಮಾಡಲು ಮಿಷನ್ನನ್ನು ಆಹ್ವಾನಿಸಿ, ತನ್ನ ಆಸ್ತಿಯ ಬಹುಭಾಗವನ್ನು ಅದಕ್ಕೆ ಬಿಟ್ಟುಹೋದನು.

ಈ ದಾನಗಳ ಉದ್ದೇಶದಲ್ಲಿ ಧರ್ಮಪ್ರಸಾರವೂ ಸೇರಿತ್ತೆಂಬುದನ್ನು ಮರೆಯಲಾಗದು. ಆದರೆ ಅಲ್ಲಿ ಕಲಿತ ಅಕ್ಷರ ಎಲ್ಲ ಮತದವರದೂ ಆಯಿತು.

ಕುಟುಂಬ, ಸಾಲ ಮತ್ತು ಲೆಕ್ಕ

ಸಾಲದಲ್ಲಿರುವ ಮನೆ ಹತ್ತನೆಯ ಪಾಲು ಕೊಡಬೇಕೇ? ಮಕ್ಕಳ ಶುಲ್ಕಕ್ಕೂ ವೃದ್ಧರ ಔಷಧಕ್ಕೂ ಸಾಲದ ಸಂಪಾದನೆಯಲ್ಲಿ ಕಾಣಿಕೆಯ ಸ್ಥಾನವೇನು? ದಶಮಾಂಶವನ್ನು ವಿಧಿಯೆಂದು ನಂಬುವವರು ಅದನ್ನೇ ಮೊದಲು ತೆಗೆದಿಡುತ್ತಾರೆ. ಇತರರು ಮಾರ್ಕನ ಸುವಾರ್ತೆಯ ಮಾತನ್ನು ಮುಂದಿಟ್ಟು, ಮನೆಯವರ ಪೋಷಣೆಯನ್ನು ಬಲಿಗೊಟ್ಟ ಕಾಣಿಕೆ ಧರ್ಮವಾಗದು ಎನ್ನುತ್ತಾರೆ. ಇಲ್ಲದಿರುವುದಕ್ಕೆ ತಕ್ಕಂತಲ್ಲ, ಇರುವುದಕ್ಕೆ ತಕ್ಕಂತೆ ಕೊಟ್ಟದ್ದೇ ಸಮರ್ಪಕವೆಂಬ ಪೌಲನ ಅಭಿಪ್ರಾಯ ಅವರಿಗೆ ಆಧಾರ.

ಸ್ವೀಕರಿಸುವವರ ಹೊಣೆಯನ್ನೂ ಅದೇ ಪತ್ರ ಸೂಚಿಸುತ್ತದೆ. ಕೂಡಿಸಿದ ನಿಧಿಯನ್ನು ಪೌಲನು ಒಬ್ಬನೇ ಒಯ್ಯಲಿಲ್ಲ. ಯಾರೂ ಬೆರಳು ತೋರಿಸದಂತೆ ಸಭೆಗಳೇ ಆರಿಸಿದ ಪ್ರತಿನಿಧಿಗಳನ್ನು ಜೊತೆಗಿರಿಸಿಕೊಂಡನು. ಚರ್ಚಿನ ಕಾಣಿಕೆಪೆಟ್ಟಿಗೆಗಾಗಲಿ, ಕನ್ನಡ ಶಾಲೆಯ ಕಟ್ಟಡ ನಿಧಿಗಾಗಲಿ ಕೊಡುವವರು ರಸೀದಿಯನ್ನೂ ವಾರ್ಷಿಕ ಲೆಕ್ಕವನ್ನೂ ಕೇಳುವುದು ಅಪನಂಬಿಕೆಯ ಕುರುಹಲ್ಲ. ಕೊಟ್ಟ ಹಿಡಿ ಅಕ್ಕಿ ಹಸಿದ ಮಗುವಿನ ತಟ್ಟೆಯನ್ನೇ ಸೇರಿತೆಂದು ಖಚಿತಪಡಿಸಿಕೊಳ್ಳುವುದೂ ದಾನದ ಭಾಗವೇ.